ಮಹಿಷಾಸುರನ ಮೊಬೈಲ್

ಮಹಿಷಾಸುರನ ಮೊಬೈಲ್ ಕಾಣೆಯಾಗಿತ್ತು.

ಮಹಿಷಾಸುರ ಅಂದರೆ ರತ್ನಾವತಿ. ಮುಂಬಯಿ ಹತ್ತಿರದ ಸೀವುಡ್ಸಿನ ಶಾಲೆಯೊಂದರ ಎರಡನೇ ತರಗತಿಯ ಕೋಣೆಯಲ್ಲಿ, ಪುಟಾಣಿಗಳು ಕೂರುವ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತು ಆಕೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದಳು. ಎಡಗೆನ್ನೆಗೆ ಕೆಂಪು, ಕಪ್ಪು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಚಿಟ್ಟಿ ಎಲ್ಲ ಮುಗಿದಿತ್ತು. ಬಲಗೆನ್ನೆ ಇನ್ನೂ ಕಾಮೋಠೆಯ ಹೋಟೆಲು ಮಾಲೀಕನ ಹೆಂಡತಿಯದ್ದೇ. ಕಿಟಕಿಯ ಕಡೆ ಕೈ ಚಾಚಿದವಳು ಕಿರುಚಿದಳು.

“ನನ್ನ ಮೊಬೈಲ್ ಎಲ್ಲಿ?”

ಊಟದ ಕೋಣೆಯಲ್ಲಿ ಪಾಯಸದ ಎರಡನೇ ಲೋಟ ಹಿಡಿದಿದ್ದ ಸತ್ಯಮ್ಮನವರಿಗೆ ಆ ಕೂಗು ಕೇಳಿಸಿತು. ಲೋಟ ಕೆಳಗಿಡಲಿಲ್ಲ. ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡು, ಆಮೇಲೆ ಎದ್ದರು. ಅವಸರ ಅವರ ಜಾಯಮಾನವಲ್ಲ. ಆಯುಷ್ಯದ ಬಹುಪಾಲು ಕಲ್ಯಾಣ್ ಲೋಕಲ್‌ಗಳಲ್ಲಿ ಹೆಂಗಸರ ಡಬ್ಬಿಯ ಟಿಕೆಟ್ ನೋಡಿದವರು. ಓಡುವ ಗಾಡಿಯಿಂದ ಯಾರೂ ಇಳಿದು ಓಡಲಾರರು, ಮುಂದಿನ ಸ್ಟೇಷನ್ ಬರುವವರೆಗೆ ನಯವಾಗಿ ಮಾತಾಡಿದರೆ ಟಿಕೆಟ್ ಇಲ್ಲದವಳು ತಾನಾಗಿ ಬಾಯಿ ಬಿಡುತ್ತಾಳೆ — ಇದು ಅವರು ಕಂಡುಕೊಂಡ ಸತ್ಯ. ನಿವೃತ್ತಿಯಾಗಿ ವರ್ಷಗಳಾದರೂ ಕನ್ನಡ ಬಳಗದವರಿಗೆ ಅವರು ಇನ್ನೂ ಟಿಸಿ ಸತ್ಯಕ್ಕನೇ.

ಆವತ್ತು ಬಳಗದ ಬೇಸಿಗೆ ಶಿಬಿರದ ಕೊನೆಯ ದಿನ. ಮೇ ತಿಂಗಳ ಸೆಕೆಗೆ ಗೋಡೆಯೂ ಬೆವರುತ್ತಿತ್ತು. ಮಕ್ಕಳು ಮಾಡಿದ ಜೇಡಿಮಣ್ಣಿನ ಆನೆಗಳು ಸೊಂಡಿಲು ಕಳೆದುಕೊಂಡು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. “ಕನ್ನಡದಲ್ಲಿ ಹೇಳು ಮಗಾ” ಅಂದರೆ “ಆಂಟಿ, ಮೈಂ ಸಮಝ್ತಾ ಹೂಂ” ಅನ್ನುವ ಮಕ್ಕಳೇ ಸಂಜೆ ವೇದಿಕೆಯಲ್ಲಿ ಕನ್ನಡ ಹಾಡು ಹಾಡುವವರಿದ್ದರು. ಅದಾದ ಮೇಲೆ ಮಹಿಳಾ ವಿಭಾಗದ ಯಕ್ಷಗಾನ. ಬಳಗದಲ್ಲಿ ಹೆಂಗಸರು ವೇಷ ಕಟ್ಟುತ್ತಿದ್ದದ್ದು ಅದೇ ಮೊದಲು.

ಎರಡನೇ ತರಗತಿಯ ಕೋಣೆಯೇ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಮೂಲೆಯಲ್ಲಿ ಗಣಪತಿಯನ್ನು ಇಟ್ಟು, ದೀಪ ಹಚ್ಚಿ, ಬೆಳಿಗ್ಗೆಯೇ ಪೂಜೆಯಾಗಿತ್ತು. ಚಪ್ಪಲಿ ಹೊರಗೆ. ಗಂಡಸರೂ ಹೊರಗೆ, ಗುರು ದೇಜಪ್ಪನವರೊಬ್ಬರನ್ನು ಬಿಟ್ಟು. ಕುಣಿತ ಕಲಿಸಿದವರೂ ಅವರೇ, ಬಣ್ಣ ಬರೆಯುವವರೂ ಅವರೇ, ಸಂಜೆ ಭಾಗವತಿಕೆ ಮಾಡುವವರೂ ಅವರೇ.

“ಚೌಕಿಯಲ್ಲಿ ಒಂದೇ ಒಂದು ಮೊಬೈಲ್ ಬಡಿದುಕೊಂಡರೂ ನಾನು ಜಾಗಟೆ ಇಟ್ಟು ಪನ್ವೇಲ್ ಗಾಡಿ ಹತ್ತುತ್ತೇನೆ” ಎಂದು ದೇಜಪ್ಪ ಬೆದರಿಸಿದ್ದರಿಂದ ಹೆಂಗಸರೆಲ್ಲ ತಮ್ಮ ಫೋನುಗಳ ಬಾಯಿ ಮುಚ್ಚಿಸಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದರು. ಅಲ್ಲಿಂದ ರತ್ನಾವತಿಯದ್ದೊಂದೇ ಮಾಯ.

“ಫೋನ್ ಸಿಗದೆ ನಾನು ಕಿರೀಟ ಇಡುವುದಿಲ್ಲ!” ರತ್ನಾವತಿ ಎದ್ದು ನಿಂತಿದ್ದಳು. ಬಣ್ಣದ ಕಡೆಯಿಂದ ನೋಡಿದರೆ ಹೆದರಿಕೆ, ಬಣ್ಣವಿಲ್ಲದ ಕಡೆಯಿಂದ ನೋಡಿದರೆ ಪಾಪ. “ಮಸ್ಕತ್ತಿನಿಂದ ನನ್ನ ಸಮಿತ್ ಫೋನ್ ಮಾಡ್ತೇನೆ ಅಂದಿದ್ದಾನೆ. ಮಗನ ಸ್ವರ ಕೇಳದೆ ರಂಗಸ್ಥಳಕ್ಕೆ ಕಾಲಿಡುವವಳಲ್ಲ ನಾನು.”

“ಸೊಸೆಯ ಫೋನಿಗೆ ಮಾಡಬಹುದಲ್ಲ?” ಎಂದರು ದೇಜಪ್ಪ, ಬಣ್ಣದ ಕಡ್ಡಿ ಗಾಳಿಯಲ್ಲಿ ಹಿಡಿದುಕೊಂಡೇ.

“ಅವಳ ಫೋನಿಗೆ ಮಾಡಿದರೆ ಅವಳಿಗೆ ಮಾಡಿದ ಹಾಗಾಯ್ತು. ನನಗೆ ಮಾಡಿದ ಹಾಗೆ ಹೇಗಾಗ್ತದೆ ಗುರುಗಳೇ?”

ದೇಜಪ್ಪ ಬಣ್ಣ ಕಲಸತೊಡಗಿದರು. ಅವರಿಗೂ ಸೊಸೆಯಂದಿರಿದ್ದರು.

ಸತ್ಯಮ್ಮ ಚಪ್ಪಲಿ ಕಳಚಿ ಒಳಗೆ ಬಂದರು. ರತ್ನಾವತಿಯ ಭುಜ ಹಿಡಿದು ಕೂರಿಸಿದರು. ಅವಳ ಮೊಣಕಾಲು ಲಟಕ್ಕೆಂದಿತು. ಆ ಲಟಕ್ಕಿಗೂ ಒಂದು ಕಥೆಯಿದೆ. ಹುಡುಗಿಯಾಗಿದ್ದಾಗ ಬೈರಾಸು ಟವೆಲು ಸುತ್ತಿಕೊಂಡು ಮಹಿಷಾಸುರನ ಹಾಗೆ ಕುಣಿದು, “ಹೆಣ್ಣು ಹುಡುಗಿಗೆ ಎಂತ ಅಬ್ಬರ?” ಎಂದು ಅಜ್ಜಿಯಿಂದ ಪೆಟ್ಟು ತಿಂದವಳು ರತ್ನಾವತಿ. ಆ ಆಸೆ ಮದುವೆಯಾಗಿ ಮುಂಬಯಿಗೆ ಬಂದಾಗ ಟ್ರಂಕಿನ ಜತೆ ಬಂತು, ಚಾಳಿನಿಂದ ಫ್ಲ್ಯಾಟಿಗೆ ಹೋದಾಗ ಅಲ್ಲಿಗೂ ಬಂತು. ಈಗ ವೇಷ ಸಿಕ್ಕಿತು ಅನ್ನುವಷ್ಟರಲ್ಲಿ ಎರಡೂ ಮೊಣಕಾಲು ಹೋದವು. ಜೂನಿನಲ್ಲಿ ವಾಶಿಯ ಆಸ್ಪತ್ರೆಯಲ್ಲಿ ಆಪರೇಷನ್. ಆಮೇಲೆ ನಡೆಯಬಹುದು, ಕುಣಿಯುವ ಹಾಗಿಲ್ಲ. ಮಹಿಷಾಸುರ ಮೆರೆಯುವುದಿದ್ದರೆ ಆವತ್ತೇ ಮೆರೆಯಬೇಕು.

“ಯಾರ ಮೇಲೆ ಅನುಮಾನ ರತ್ನಾ?”

“ನಾನು ವೇಷ ಹಾಕುವುದು ಯಾರಿಗೆ ಇಷ್ಟ ಇದೆ ಹೇಳಿ ಸತ್ಯಕ್ಕ? ಗಂಡನಿಗೆ ಇಲ್ಲ. ಸುಗಂಧಿಗೆ ಇಲ್ಲ. ಸೊಸೆಯಂತೂ...” ರತ್ನಾವತಿ ಧ್ವನಿ ತಗ್ಗಿಸಿದಳು. “ಡೊಂಬಿವಲಿಯ ಮರಾಠಿ ಹುಡುಗಿ. ನಮ್ಮದು ಯಾವುದೂ ಅವಳಿಗೆ ಬೇಡ. ಕಳೆದ ಭಾನುವಾರ ನಮ್ಮಲ್ಲಿ ಎಲ್ಲರೂ ಸೇರಿ ಉಪ್ಪಿನಕಾಯಿ ಹಾಕಿದೆವಲ್ಲ, ಬಾಲ್ಕನಿಯಲ್ಲಿ ಕೂತು ಪುಸ್ತಕ ಓದಿದಳು. ಒಂದು ಹೋಳು ಮುಟ್ಟಲಿಲ್ಲ! ಇವತ್ತು ಬೆಳಿಗ್ಗೆ ನನ್ನ ಜತೆ ಬಾ ಅಂದರೆ, ತಲೆಸ್ನಾನ ಮಾಡಿ ಆಮೇಲೆ ಬರ್ತೇನೆ ಅಂದಳು.”

ಸತ್ಯಮ್ಮ ಕಿಟಕಿಯ ಬಳಿಗೆ ಹೋದರು.

ಕಿಟಕಿಯ ಆಚೆ ವರಾಂಡ. ಕಬ್ಬಿಣದ ಸರಳುಗಳ ನಡುವೆ ಒಂದು ಕೈ ತೂರುವಷ್ಟು ಸಂದು. ಕಟ್ಟೆಯ ಮೇಲೆ ಚಿಟ್ಟಿಯ ಬಟ್ಟಲು ವಾಲಿತ್ತು. ಬಿಳಿ ಹಿಟ್ಟು ಚೆಲ್ಲಿತ್ತು. ಒಂದು ಸರಳಿನ ಹೊರಮೈಗೂ ಆ ಬಿಳಿ ಮೆತ್ತಿತ್ತು.

“ಬಟ್ಟಲು ಯಾರು ಬೀಳಿಸಿದ್ದು?”

“ನಾನಂತೂ ಅಲ್ಲ” ಎಂದರು ದೇಜಪ್ಪ. “ನೆಟ್ಟಗಿಟ್ಟು ಇವರ ಹುಬ್ಬಿಗೆ ತಿರುಗಿದೆ. ಈ ಹೆಂಗಸು ಹುಬ್ಬು ನೆಟ್ಟಗಿಟ್ಟರೆ ತಾನೇ ನಾನು ಬೇರೆ ಕಡೆ ನೋಡುವುದು?”

ಹೊರಗಿನಿಂದ ಒಳಗೆ ಬಂದ ಕೈ. ಬಟ್ಟಲಿಗೆ ತಾಗಿ, ಹಿಟ್ಟು ಮೆತ್ತಿಸಿಕೊಂಡು, ಸರಳು ಸವರಿ ಹೊರಗೆ ಹೋದ ಕೈ. ಸತ್ಯಮ್ಮ ಫೋನುಗಳನ್ನು ನೋಡಿದರು. ಸರಳಿನ ಹತ್ತಿರವೇ ಇದ್ದದ್ದು ಕ್ಯಾಮೆರಾ ಇರುವ ಮಿರಮಿರ ಮಿಂಚುವ ಹೊಸ ಫೋನು.

“ಇದು ಯಾರದ್ದು?”

“ನನ್ನದು” ಎಂದಳು ಸುಗಂಧಿ. ಆಕೆ ದೇವಿಯ ವೇಷ. ಸೀರೆ ಉಟ್ಟು, ಅರ್ಧ ಆಭರಣ ತೊಟ್ಟು, ಗದ್ದ ಮೇಲೆತ್ತಿ ನಿಂತಿದ್ದಳು. “ನನ್ನ ಅಳಿಯ ದುಬಾಯಿಯಿಂದ ತಂದದ್ದು.”

“ರತ್ನನದ್ದು?”

“ಅದರ ಆಚೆ ಇತ್ತು. ಅಂಕೆಗಳೆಲ್ಲ ಅಳಿಸಿಹೋದ ಹಳೇ ನೋಕಿಯಾ. ರದ್ದಿಯವನೂ ಮುಟ್ಟಲಿಕ್ಕಿಲ್ಲ.”

ಎದುರಿಗೆ ಹೊಳೆಯುವ ಫೋನಿದ್ದೂ, ಕೈಯನ್ನು ಅದರ ಮೇಲಿನಿಂದ ದಾಟಿಸಿ ಹಳೆಯದನ್ನು ಎತ್ತಿದ ಕಳ್ಳ! ಸತ್ಯಮ್ಮನ ಮುಖದಲ್ಲಿ ಒಂದು ಸಣ್ಣ ನಗೆ ಮೂಡಿತು. ಮೊದಲ ದರ್ಜೆಯ ಡಬ್ಬಿಯಲ್ಲಿ ಎರಡನೇ ದರ್ಜೆಯ ಪಾಸು ಹಿಡಿದು ನಿದ್ದೆಯ ನಟನೆ ಮಾಡುವವರನ್ನು ಕಂಡಾಗ ಮೂಡುತ್ತಿದ್ದ ನಗೆ ಅದು.

“ಸುಗಂಧಿ, ನಿನಗೆ ಮಹಿಷಾಸುರ ಬೇಕಿತ್ತಂತೆ?”

“ಬೇಕಿತ್ತು! ಸುಳ್ಳು ಯಾಕೆ ಹೇಳಲಿ?” ಸುಗಂಧಿ ಸಿಡಿದಳು. “ಮಹಿಷಾಸುರ ಅಂದರೆ ಸಭೆಯ ನಡುವಿನಿಂದ ಬರುವವ. ಮಕ್ಕಳು ಕುರ್ಚಿ ಹತ್ತಿ ನೋಡ್ತಾರೆ. ದೇವಿ ಎಂತ? ಕೊನೆಗೆ ಬಂದು ತ್ರಿಶೂಲ ಚುಚ್ಚಿ ನಿಂತರೆ ಆಯ್ತು. ನಾನು ಮನೆಯಲ್ಲಿ ಕುಕ್ಕರಿನ ಎದುರು ಮಹಿಷಾಸುರನ ಅಬ್ಬರ ಪ್ರಾಕ್ಟೀಸ್ ಮಾಡಿದವಳು, ಸೀಟಿಗಿಂತ ಜೋರು ಬರ್ತದೆ ನನಗೆ!”

“ಹಾಗಾದರೆ ಫೋನ್ ತೆಗೆದದ್ದು—”

“ನಾನಾ? ರತ್ನಕ್ಕ ನಮಗೆ ನೆಂಟರು ಸತ್ಯಕ್ಕ! ಇವರ ಗಂಡ ಶಂಭಣ್ಣನ ಅಣ್ಣನ ಮಗನಿಗೆ ಮುಲುಂಡಿನಲ್ಲಿ ಹೆಣ್ಣು ತೋರಿಸಿಕೊಟ್ಟದ್ದು ಯಾರು? ನಾನು. ನಮ್ಮ ಬಳಿಯ, ನಮ್ಮದೇ ವಂಶದ ಹುಡುಗಿ, ನನ್ನ ಸ್ವಂತ ತಂಗಿಯ ಮಗಳಿದ್ದ ಹಾಗೆ. ಈಗ ತುಂಬು ಬಸುರಿ. ಅಂಥ ಮನೆಯಲ್ಲಿ ನಾನು ಕದೀತೇನಾ? ಕೇಳುವುದಿದ್ದರೆ ಆ ಚಾ ಕೊಡುವವಳನ್ನು ಕೇಳಿ. ವರಾಂಡದಲ್ಲಿ ಸುತ್ತುತ್ತಾ ಇರುವವಳು ಅವಳೇ.”

ಚಹಾ ಕೊಡುವವಳು ಸಾಬವ್ವ. ಇಂಡಿ ಕಡೆಯವಳು, ಗಂಡ ಮಾನಪ್ಪ ಉಲ್ವೆಯ ಕಟ್ಟಡದ ಕೆಲಸದಲ್ಲಿ, ಈಕೆ ಇಂಥ ಸಮಾರಂಭಗಳಲ್ಲಿ ಚಹಾ, ನೀರು, ಕಸ ನೋಡಿಕೊಳ್ಳುವವಳು. ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಟ್ರೇಯನ್ನು ದಢಾರನೆ ಇಟ್ಟಳು.

“ಏನಂದ್ರಿ ದೇವಿಯವರs? ನಾ ತುಡುಗು ಮಾಡೇನಾ? ತುಡುಗು ಮಾಡಾಕಿ ಆಗಿದ್ರ ನಿಮ್ಮ ಹೊಸಾದು ಬಿಟ್ಟು ಆ ಅಕ್ಕಾರ ಹಳೀದು ತಗೋತಿದ್ನೇನ್ರಿ? ಅಷ್ಟೂ ಬುದ್ಧಿ ಇಲ್ಲಂತ ತಿಳಿದೀರೇನು ನನಗ?”

ಬಣ್ಣಕ್ಕೆ ಕಾದು ಕೂತಿದ್ದವರೆಲ್ಲ ನಕ್ಕರು. ಸುಗಂಧಿ ಮಾತ್ರ ನಗಲಿಲ್ಲ.

“ಸರಿ ಹೇಳಿದೆ ನೋಡು” ಎಂದರು ಸತ್ಯಮ್ಮ. “ಸಾಬವ್ವಾ, ವರಾಂಡದಲ್ಲಿ ಯಾರ್ಯಾರನ್ನು ನೋಡಿದೆ?”

“ಶಂಭು ಸೇಟ್ ಬಂದಿದ್ರು. ಬಾಗಲ ತನಕ ಬಂದು ಇಣುಕಿ, ಹೆಣ್ತಿ ಮಾರಿ ನೋಡಿ, ‘ಅಯ್ಯಯ್ಯೋ’ ಅಂದು ಹೋದ್ರು. ಆಮ್ಯಾಲೆ ಆ ಸೊಸಿ. ಪಾಪ, ಬಂಗಾರದಂಥಾ ಹುಡುಗಿ. ಅತ್ತಿಗೆ ಪಿನ್ನು ತಂದಿದ್ಲು, ನನ್ನ ಕೈಯಾಗ ಕೊಟ್ಟು ಒಳಗ ಕಳಿಸಿದ್ಲು. ಚಾನೂ ನನ್ನ ಕೈಲೇ ಕಳಿಸಿದ್ಲು.”

“ಒಳಗೆ ಬರಲಿಲ್ಲವಾ?”

“ಇಲ್ಲ್ರಿ. ಹೊಸ್ತಲಾ ತುಳೀಲಿಲ್ಲ.”

ಸುಗಂಧಿ ಸತ್ಯಮ್ಮನ ಕಿವಿಗೆ ಬಾಗಿದಳು. “ದೂರ ಇರಬೇಕು ಸತ್ಯಕ್ಕ. ಮೂರು ದಿನದ್ದು. ಒಳಗೆ ಗಣಪತಿ ಇದೆಯಲ್ಲ?”

ಸತ್ಯಮ್ಮ ಬಾಗಿಲಿನತ್ತ ನಡೆದರು.

ಶಂಭುವನ್ನು ಕರೆಸಿದರು. ಬಿಳಿ ಶರ್ಟು, ಬಿಳಿ ಪ್ಯಾಂಟು, ಹೋಟೆಲಿನವನಿಗೆ ಒಪ್ಪುವ ಹೊಟ್ಟೆ. ವರಾಂಡದಲ್ಲಿ ನಿಂತೇ ಕೈಮುಗಿದ.

“ಶಂಭು, ನಿನಗೆ ಹೆಂಡತಿ ವೇಷ ಹಾಕುವುದು ಇಷ್ಟವಿಲ್ಲವಂತೆ?”

“ಇಷ್ಟದ ಪ್ರಶ್ನೆ ಅಲ್ಲ ಸತ್ಯಕ್ಕ. ನನ್ನ ಗಿರಾಕಿಗಳು ಬಂದಿದ್ದಾರೆ. ನಾಳೆ ಹೋಟೆಲಿನ ಗಲ್ಲೆಯಲ್ಲಿ ಕೂತರೆ ‘ಸೇಟ್, ರಾಕ್ಷಸ ಮನೆಯಲ್ಲಿದ್ದಾನಾ?’ ಅಂತ ಕೇಳ್ತಾರೆ.”

“ಇಷ್ಟು ವರ್ಷ ಯಾರೂ ಕೇಳಲಿಲ್ಲವಲ್ಲ, ಪುಣ್ಯ” ಎಂದಿತು ಒಳಗಿನಿಂದ ಮಹಿಷಾಸುರನ ಬಣ್ಣದ ಅರ್ಧ.

“ಗಂಡಸಿಗೆ ಚೌಕಿಗೆ ಪ್ರವೇಶವಿಲ್ಲ” ಸತ್ಯಮ್ಮ ಸಾವಕಾಶವಾಗಿ ಹೇಳಿದರು. “ಒಳಗಿನ ವಸ್ತು ಬೇಕಾದರೆ ಗಂಡಸು ಎಂತ ಮಾಡಬೇಕು? ಕಿಟಕಿಯಿಂದ ಕೈ ಹಾಕಬೇಕು. ಹೌದಾ ಅಲ್ಲವಾ?”

ಎಲ್ಲರೂ ಶಂಭುವನ್ನು ನೋಡಿದರು. ಶಂಭು ತನ್ನ ಕೈಯನ್ನೇ ನೋಡಿಕೊಂಡ.

“ನಾನಲ್ಲ ಮಾರಾಯ್ರೆ! ನನ್ನ ಮೊಬೈಲೇ ಬೆಳಿಗ್ಗೆಯಿಂದ ಕಾಣ್ತಾ ಇಲ್ಲ. ಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದೆ. ಹೊರಡುವಾಗ ನೋಡಿದರೆ ಇಲ್ಲ. ಹೋಟೆಲಿನಲ್ಲಿ ಬಿಟ್ಟಿರಬೇಕು ಅಂತ ಸುಮ್ಮನಾದೆ.”

“ನಿನ್ನದೂ ಇಲ್ಲವಾ?” ಸತ್ಯಮ್ಮನ ಕಣ್ಣು ಕಿರಿದಾಯಿತು. “ಕೈ ಹಾಕು ನೋಡುವ.”

“ಎಲ್ಲಿಗೆ?”

“ಕಿಟಕಿಗೆ.”

ಶಂಭು ಕೈ ಹಾಕಿದ. ಬೆರಳು ಹೋಯಿತು, ಅಂಗೈ ಹೋಯಿತು, ಮಣಿಕಟ್ಟೂ ಹೋಯಿತು. ಮುಂಗೈ ಅರ್ಧಕ್ಕೆ ಹೋಗಿ ನಿಂತಿತು. ರತ್ನಾವತಿಯ ಫೋನಿದ್ದ ಜಾಗ ಇನ್ನೂ ಒಂದು ಗೇಣು ಆಚೆ.

“ಸಾಕು, ತೆಗಿ.”

“ಬರ್ತಾ ಇಲ್ಲ.”

“ಎಂತ?”

“ಕೈ ಬರ್ತಾ ಇಲ್ಲ ಸತ್ಯಕ್ಕ!”

ಒಳಗಿನಿಂದ ಇಬ್ಬರು ದೂಡಿದರು, ಹೊರಗಿನಿಂದ ಬಳಗದ ಖಜಾಂಚಿ ಎಳೆದರು. ಸಭಾಂಗಣದಿಂದ ಗಿರಾಕಿಗಳು ಓಡಿ ಬಂದು ಸುತ್ತ ನಿಂತರು. ರಾಕ್ಷಸನ ವಿಷಯ ಆಡಿಕೊಳ್ಳುವ ಅಗತ್ಯ ಅವರಿಗಿನ್ನು ಇರಲಿಲ್ಲ. ಸಾಬವ್ವ ಅಡುಗೆಯವರಿಂದ ತೆಂಗಿನೆಣ್ಣೆ ತಂದು, “ಉಸಿರು ಬಿಡ್ರಿ ಸೇಟ್, ಉಸಿರು ಬಿಡ್ರಿ” ಎಂದು ಹೆರುತ್ತಿರುವವಳಿಗೆ ಹೇಳಿದ ಹಾಗೆ ಹೇಳುತ್ತ ಸುರಿದಳು. ಪುಳಕ್ಕೆಂದು ಕೈ ಹೊರಗೆ ಬಂತು.

“ನೀನು ನಿರಪರಾಧಿ” ಎಂದರು ಸತ್ಯಮ್ಮ. “ಹೋಗಿ ಸೋಪು ಹಾಕಿ ತೊಳಿ.”

ವರಾಂಡದ ತುದಿಯಲ್ಲಿ, ನೀರಿನ ಡ್ರಮ್ಮಿನ ಬಳಿ, ಸೊಸೆ ಮಾನಸಿ ಕುಳಿತಿದ್ದಳು. ಹಳದಿ ಕುರ್ತಾ, ಉದ್ದನೆಯ ತೋಳು. ತಲೆಗೆ ಮಲ್ಲಿಗೆ. ತೊಡೆಯ ಮೇಲೆ ಒಂದು ಚೀಲ, ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದಳು. ಸತ್ಯಮ್ಮ ಹೋಗಿ ಅವಳ ಪಕ್ಕದಲ್ಲಿ ಕುಳಿತರು. ಗಾಡಿಯಲ್ಲಿ ಸೀಟು ಸಿಕ್ಕಿದ ಹಾಗೆ, ಆರಾಮವಾಗಿ.

“ಸೆಕೆ ಅಲ್ವಾ ಮಗಾ?”

“ಹೋ ಮಾವಶಿ. ಖೂಪ್ ಸೆಕೆ.”

“ಒಂದು ತೋಳು ಒದ್ದೆ ಮಾಡಿಕೊಂಡಿದ್ದಿ?”

ಮಾನಸಿ ಬಲದ ತೋಳನ್ನು ನೋಡಿಕೊಂಡಳು. “ಪಾಣಿ... ನೀರು ಕುಡಿಯುವಾಗ ಬಿತ್ತು.”

“ಮೊಣಕೈಯವರೆಗೂ ಬಿತ್ತಾ? ಇರಲಿ. ಚೀಲದಲ್ಲಿ ಎಂತ, ಮಿಠಾಯಿ ಡಬ್ಬಿ?”

“ಬರ್ಫಿ.”

“ಶಿಬಿರದ ಮಕ್ಕಳಿಗಾ?”

“ನಾಹೀ... ಹೋ... ಹಾಗೇ ತಂದೆ ಮಾವಶಿ.”

“ಒಳಗೆ ಬಾ. ನಿನ್ನ ಅತ್ತೆಯ ಕಿರೀಟ ಹಿಡಿಯಲಿಕ್ಕೆ ಒಬ್ಬರು ಬೇಕು.”

ಮಾನಸಿ ತಲೆ ಅಲ್ಲಾಡಿಸಿದಳು. “ನಾನು ಮುಟ್ಟಬಾರದು ಮಾವಶಿ. ಆಯೀ... ಅತ್ತೆಗೆ ಹೇಳಿ, ಸಮಿತ್ ನನ್ನ ಫೋನಿಗೆ ಮಾಡ್ತಾನೆ, ಇಲ್ಲಿಂದಲೇ ಸ್ಪೀಕರ್ ಹಾಕ್ತೇನೆ. ಆಯೀ ಕಿರೀಟ ಇಡಲಿ. ಪ್ಲೀಜ್.”

ಆ ‘ಪ್ಲೀಜ್’ ಕೇಳಿ ಸತ್ಯಮ್ಮ ಅವಳ ಮಲ್ಲಿಗೆಯನ್ನೂ ಬರ್ಫಿಯ ಚೀಲವನ್ನೂ ಒಮ್ಮೆ ನೋಡಿದರು. ಆಮೇಲೆ ಎದ್ದು, ಅವಳ ಕೈ ಹಿಡಿದು ಚೌಕಿಯ ಬಾಗಿಲವರೆಗೆ ಕರೆತಂದು ನಿಲ್ಲಿಸಿದರು. ಒಳಗೆ ಎಲ್ಲರೂ ತಿರುಗಿದರು.

“ಮಾನಸಿ” ಎಂದರು ಸತ್ಯಮ್ಮ, ಎಲ್ಲರಿಗೂ ಕೇಳುವ ಹಾಗೆ. “ಹೆಣ್ಣು ಮಗುವಾ?”

ಮಾನಸಿಯ ಬಾಯಿ ತೆರೆದುಕೊಂಡಿತು.

“ಯಾವ ಮಗು?” ಎಂದಳು ರತ್ನಾವತಿ.

“ಎಂತ ಮಗು?” ಎಂದರು ದೇಜಪ್ಪ.

“ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರಲ್ಲ?” ಸತ್ಯಮ್ಮ ಕೇಳಿದರು.

“ಚಾಂಗ್ಲೇ ಆಹೇತ್... ಚೆನ್ನಾಗಿದ್ದಾರೆ” ಎಂದು ಮಾನಸಿ ಅಳತೊಡಗಿದಳು. ಚೀಲ ತೆರೆದಳು. ಬರ್ಫಿಯ ಡಬ್ಬಿಯ ಅಡಿಯಲ್ಲಿ ಎರಡು ಫೋನುಗಳು ಅಕ್ಕಪಕ್ಕ ಮಲಗಿದ್ದವು. ಒಂದು ಅತ್ತೆಯದು, ಒಂದು ಮಾವನದು.

ಚೌಕಿಯಲ್ಲಿ ಗದ್ದಲವೆದ್ದಿತು. “ನಾನು ಹೇಳಲಿಲ್ಲವಾ?” ಎಂದು ರತ್ನಾವತಿ ಎದ್ದಳು. “ಸೊಸೆಯೇ! ನನ್ನ ವೇಷ ಕೆಡಿಸಲಿಕ್ಕೆ—”

“ಕೂತುಕೋ ರತ್ನಾ. ನಿನ್ನ ವೇಷ ಉಳಿಸಲಿಕ್ಕೆ” ಎಂದರು ಸತ್ಯಮ್ಮ. “ಕೇಳು. ಹೊಸ ಫೋನು ಬಿಟ್ಟು ಹಳೆಯದು ತೆಗೆದ ಕಳ್ಳನಿಗೆ ಫೋನು ಬೇಡ. ಫೋನಿನಲ್ಲಿ ಬರುವ ಮಾತು ಬೇಡ. ಒಂದೇ ಮನೆಯ ಎರಡು ಫೋನು ಹೋಗಿವೆ ಅಂದ ಮೇಲೆ ಮಾತು ಬರುವುದು ಆ ಮನೆಗೆ. ಯಾವ ಮಾತು? ಅದು ಗೊತ್ತಾಗಬೇಕಾದರೆ ಕೈ ಯಾಕೆ ಕಿಟಕಿಯಿಂದ ಬಂತು ಅಂತ ನೋಡಬೇಕು. ಗಂಡಸಿನ ಕೈ ಅಲ್ಲ, ಅದು ಶಂಭುವಿನ ಕೈ ನೋಡಿದಾಗಲೇ ತಿಳಿಯಿತು. ಹೆಂಗಸಾದರೆ ಬಾಗಿಲು ತೆರೆದೇ ಇದೆ. ಬಾಗಿಲು ತೆರೆದಿದ್ದೂ ಒಳಗೆ ಬಾರದ ಹೆಂಗಸು ಇವಳೊಬ್ಬಳೇ.”

“ದೂರ ಅಂತ ನಾನೇ ಹೇಳಿದೆನಲ್ಲ!” ಎಂದಳು ಸುಗಂಧಿ.

“ಕಳೆದ ಭಾನುವಾರ ಉಪ್ಪಿನಕಾಯಿಯ ಭರಣಿ ಮುಟ್ಟದೆ ಬಾಲ್ಕನಿಯಲ್ಲಿ ಕೂತದ್ದು ಸೋಮಾರಿತನಕ್ಕಾ ಸುಗಂಧಿ? ಭರಣಿಯ ಹತ್ತಿರ ಯಾವಾಗ ಹೋಗಬಾರದು ಅಂತ ಈ ಹುಡುಗಿಗೆ ನಮ್ಮಷ್ಟೇ ಗೊತ್ತು. ಆವತ್ತು ದೂರ ಇದ್ದವಳು ಇವತ್ತು ಮತ್ತೆ ದೂರ ಹೇಗೆ ಆಗ್ತಾಳೆ? ಇವತ್ತು ತಲೆಸ್ನಾನ ಮಾಡಿ, ಹೂ ಮುಡಿದು ಬಂದಿದ್ದಾಳೆ. ಆದರೂ ದೇವರ ಹತ್ತಿರ ಬರುವುದಿಲ್ಲ, ಕಿರೀಟ ಮುಟ್ಟುವುದಿಲ್ಲ.” ಸತ್ಯಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ಕಲ್ಯಾಣದ ರೇಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಪಕ್ಕದ ಮನೆಯವರು ಮರಾಠಿಯವರು. ಸಾತಾರದಲ್ಲಿ ಮೈದುನನಿಗೆ ಮಗುವಾದರೆ ಇಲ್ಲಿ ಆಕೆ ದೇವರ ದೀಪ ಹಚ್ಚುತ್ತಿರಲಿಲ್ಲ. ಸೋಯರ್ ಅನ್ನುತ್ತಿದ್ದಳು. ನಾವು ಅಮೆ ಅಂತೇವಲ್ಲ, ಹೆರಿಗೆಯ ಮೈಲಿಗೆ, ಅದೇ. ಸಾವಿನ ಸೂತಕ ಆಗಿದ್ದರೆ ಈ ಹುಡುಗಿ ಮಲ್ಲಿಗೆ ಮುಡಿಯುತ್ತಿರಲಿಲ್ಲ, ಮಿಠಾಯಿ ತರುತ್ತಿರಲಿಲ್ಲ. ಗಂಡು ಮಗುವಾದರೆ ಪೇಡೆ, ಹೆಣ್ಣಾದರೆ ಬರ್ಫಿ ಹಂಚುವುದು ಇವರ ಕ್ರಮ. ಡಬ್ಬಿಯಲ್ಲಿ ಬರ್ಫಿ. ಇನ್ನು ತುಂಬು ಬಸುರಿ ಯಾರು ಅಂತ ನೀನೇ ಬಾಯಿಬಿಟ್ಟು ಹೇಳಿದ್ದಿ.”

ಮಾನಸಿ ಕಣ್ಣೊರೆಸಿಕೊಳ್ಳುತ್ತ ಹೇಳಿದಳು. “ಬೆಳಿಗ್ಗೆ ಮನೆಯ ಫೋನಿಗೆ ದೊಡ್ಡ ಮಾವ ಮುಲುಂಡಿನಿಂದ ಮಾಡಿದರು. ಸೊಸೆಗೆ ಹೆಣ್ಣು ಮಗು ಆಯ್ತು, ಶಂಭುವಿಗೂ ರತ್ನನಿಗೂ ಮೊಬೈಲಿಗೆ ಮಾಡಿ ಹೇಳ್ತೇನೆ ಅಂದರು. ನಮ್ಮ ಘರಾಣ್ಯಾದ, ಮನೆತನದ ಮಗು... ಎಲ್ಲರಿಗೂ ಸೋಯರ್. ಆಯೀಗೆ ತಿಳಿದರೆ ಕಿರೀಟ ಇಡ್ತಿರಲಿಲ್ಲ. ತಿಳಿಯದಿದ್ದರೆ ಪಾಪ ಇಲ್ಲ, ಹೋ ನಾ? ಪಾಪ ಇದ್ದರೆ ನನಗೆ ಬರಲಿ ಅಂತ...” ಅವಳು ಅತ್ತೆಯ ಕಡೆ ನೋಡಿದಳು. “ದಿನಾ ಮಧ್ಯಾಹ್ನ ಕಿಚನ್ ಬಾಗಿಲು ಹಾಕಿ ಆಯೀ ಕುಣೀತಾರೆ. ಕಾಲು ನೋವಿಗೆ ಅಳ್ತಾರೆ. ಮತ್ತೆ ಕುಣೀತಾರೆ. ಜೂನ್‌ನಲ್ಲಿ ಆಪರೇಷನ್. ಮತ್ತೆ ಯಾವಾಗ?”

ರತ್ನಾವತಿಯ ಬಣ್ಣವಿಲ್ಲದ ಕೆನ್ನೆಯ ಮೇಲೆ ನೀರು ಇಳಿಯಿತು. ಬಣ್ಣದ ಕೆನ್ನೆಯ ಮೇಲೆ ಇಳಿಯುವುದರೊಳಗೆ ದೇಜಪ್ಪ ಹತ್ತಿ ಹಿಡಿದರು.

“ಅಳಬೇಡಿ ಮಾರಾಯ್ತಿ, ಚಿಟ್ಟಿ ಕರಗ್ತದೆ!”

“ಚಿಟ್ಟಿ ಇದ್ದರೆಷ್ಟು, ಹೋದರೆಷ್ಟು?” ರತ್ನಾವತಿ ಕೋಡಿನ ಕಿರೀಟವನ್ನು ನೋಡಿ ಮುಖ ತಿರುಗಿಸಿದಳು. “ಅಮೆ ಇಟ್ಟುಕೊಂಡು ಗಣಪತಿಯ ಎದುರು ವೇಷ ಕಟ್ಟುವುದು ಹೇಗೆ? ಈಗ ತಿಳಿಯಿತಲ್ಲ. ಮುಗಿಯಿತು.”

“ಅದೂ ಹೌದು” ಎಂದಳು ಸುಗಂಧಿ. ಧ್ವನಿಯಲ್ಲಿ ದುಃಖ ಬರಿಸಲು ತುಂಬ ಪ್ರಯತ್ನಿಸಿದಳು. “ಶಾಸ್ತ್ರ ಅಂದರೆ ಶಾಸ್ತ್ರ. ಮುಂಬಯಿಗೆ ಬಂದೆವು ಅಂತ ಅಮೆ ಬಿಡಲಿಕ್ಕಾಗ್ತದಾ? ಮಹಿಷಾಸುರ ಹೇಗೂ ನನಗೆ ಬಾಯಿಪಾಠ ಉಂಟು. ದೇವಿಗೆ ಯಾರಾದರೂ ಆಗ್ತದೆ, ನಿಂತರೆ ಸಾಕು.” ಅವಳ ಕೈ ಆಗಲೇ ಕೋಡಿನ ಮೇಲಿತ್ತು.

“ಸುಗಂಧಿ” ಎಂದರು ಸತ್ಯಮ್ಮ. “ಅಳಿಯಕಟ್ಟಿನ ನಮ್ಮವರಲ್ಲಿ ಮಗು ಯಾರ ವಂಶಕ್ಕೆ ಸೇರಿದ್ದು? ತಂದೆಯ ಬಳಿಗಾ, ತಾಯಿಯ ಬಳಿಗಾ?”

“ತಾಯಿಯ ಬಳಿಗೆ. ಅದೆಂತ ಕೇಳುವುದು, ಅಜ್ಜಿಯ ಕಾಲದಿಂದ ಹಾಗೇ ಅಲ್ವಾ?”

“ಅಮೆ ಯಾರಿಗೆ?”

“ತಾಯಿಯ ಕಡೆಯವರಿ—” ಸುಗಂಧಿಯ ಮಾತು ಅಲ್ಲೇ ನಿಂತಿತು.

“ಮಾನಸಿಯದ್ದು ಮರಾಠಿ ಲೆಕ್ಕ” ಎಂದರು ಸತ್ಯಮ್ಮ. “ಅವರಲ್ಲಿ ಅಪ್ಪನ ಮನೆಯವರಿಗೆಲ್ಲ ತಾಗುತ್ತದೆ. ನಮ್ಮ ಲೆಕ್ಕದಲ್ಲಿ ಆ ಮಗು ಶಂಭುವಿನ ಬಳಿಯದ್ದಲ್ಲ, ರತ್ನನ ಬಳಿಯದ್ದೂ ಅಲ್ಲ. ಇವರಿಬ್ಬರಿಗೂ ಅಮೆಯೇ ಇಲ್ಲ. ಈ ಹುಡುಗಿ ಅಷ್ಟು ಕಷ್ಟಪಟ್ಟು ಕದ್ದದ್ದು ಬರೀ ವ್ಯರ್ಥ. ಯಾರಾದರೂ ಅವಳಿಗೆ ಒಂದು ದಿನ ಕೂರಿಸಿ ಹೇಳಿಕೊಟ್ಟಿದ್ದರೆ ತಾನೇ ಗೊತ್ತಾಗುವುದು?” ಕೊನೆಯ ಮಾತನ್ನು ರತ್ನಾವತಿಯನ್ನು ನೋಡಿ ಹೇಳಿದರು. ಆಮೇಲೆ ಸುಗಂಧಿಯ ಕಡೆ ತಿರುಗಿದರು. “ತಾಯಿ ಯಾವ ಬಳಿಯ ಹುಡುಗಿ ಅಂದಿದ್ದಿ ನೀನು?”

ಯಾರೋ ಸುಗಂಧಿಯ ಹೊಸ ಫೋನನ್ನು ಎತ್ತಿ ನೋಡಿದರು. ಮುಲುಂಡಿನಿಂದ ಸಾಲು ಸಾಲು ಮಿಸ್ಡ್ ಕಾಲು.

ಸುಗಂಧಿ ಕೋಡಿನಿಂದ ಕೈ ತೆಗೆದಳು. ಬೆಂಕಿ ಮುಟ್ಟಿದ ಹಾಗೆ.

“ಬಳಿ ಒಂದೇ, ಕುಟುಂಬ ಬೇರೆ!” ಎಂದಳು. “ತುಂಬ ಬೇರೆ! ಅವರದ್ದು ಕಾಪು, ನಮ್ಮದು ಕಟಪಾಡಿ. ಆಸ್ತಿ ಒಡೆದೇ ಎಷ್ಟೋ ಕಾಲವಾಯ್ತು!”

“ಸ್ವಂತ ತಂಗಿಯ ಮಗಳಿದ್ದ ಹಾಗೆ ಅಂದ್ರಲ್ರಿ ಅಕ್ಕಾರ?” ಬಾಗಿಲಿನಿಂದ ಸಾಬವ್ವ.

“ಇದ್ದ ಹಾಗೆ ಅಂದೆ. ಹೌದು ಅಂದೆನಾ? ಅಲ್ಲದೆ ಮುಂಬಯಿಯಲ್ಲಿ ಇದೆಲ್ಲ ಯಾರು ನೋಡ್ತಾರೆ ಸತ್ಯಕ್ಕ?”

ಎಲ್ಲರೂ ದೇಜಪ್ಪನವರ ಮುಖ ನೋಡಿದರು. ಅವರು ಗಣಪತಿಯ ಮುಖ ನೋಡಿದರು. ಅತ್ತ ಸಭಾಂಗಣದಲ್ಲಿ ಮಕ್ಕಳ ಹಾಡು ಮುಗಿಯುತ್ತ ಬಂದಿತ್ತು.

“ಸುಗಂಧಿ ಇಲ್ಲದೆ ನಾನು ಹೋಗುವುದಿಲ್ಲ” ಎಂದಳು ರತ್ನಾವತಿ ಇದ್ದಕ್ಕಿದ್ದ ಹಾಗೆ. “ಅವಳು ಬಾರದಿದ್ದರೆ ನಾನು ಯಾರ ಕೈಯಿಂದ ಸಾಯುವುದು?”

“ಕುಟುಂಬ ಒಡೆದ ಮೇಲೆ ಅಮೆ ದಾಟುವುದಿಲ್ಲ” ಎಂದು ದೇಜಪ್ಪ ತೀರ್ಪು ಕೊಟ್ಟರು. “ಇಬ್ಬರೂ ಬಾಯಿ ಮುಚ್ಚಿ ಕೂತುಕೊಳ್ಳಿ. ಹುಬ್ಬು ಬಾಕಿ ಉಂಟು.”

ಸುಗಂಧಿ ದೇವಿಯಷ್ಟೇ ಶಾಂತಳಾಗಿ ಕುಳಿತಳು.

ಮಾನಸಿ ಇನ್ನೂ ಹೊಸ್ತಿಲ ಆಚೆಗೇ ನಿಂತಿದ್ದಳು. ರತ್ನಾವತಿ ಕುಳಿತಲ್ಲಿಂದಲೇ ಕರೆದಳು.

“ಏ ಕಳ್ಳಿ. ಡೊಂಬಿವಲಿಯಲ್ಲಿ ನಿನ್ನ ತಾಯಿಯ ಮನೆಯಲ್ಲಿ ಯಾರಾದರೂ ಹೆತ್ತಿದ್ದಾರಾ?”

“ನಾಹೀ ಆಯೀ.”

“ಹಾಗಾದರೆ ಒಳಗೆ ಬಾ. ಇನ್ನು ಮೇಲೆ ಏನಾದರೂ ಬಚ್ಚಿಡುವುದಿದ್ದರೆ ನನ್ನನ್ನು ಕೇಳಿ ಬಚ್ಚಿಡು.”

ಮಾನಸಿ ಒಳಗೆ ಬಂದಳು. ಸಮಿತನ ಫೋನು ಬಂದಾಗ ರತ್ನಾವತಿ ಪೂರ್ತಿ ರಾಕ್ಷಸನಾಗಿದ್ದಳು. ಬಣ್ಣ ತಾಗದಂತೆ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ನಿಂತವಳು ಸೊಸೆ. ಮಾತಾಡಿ ಮುಗಿಸಿ ಅತ್ತೆ ಬಗ್ಗಿದಳು. ಮಾನಸಿ ಬೆಂಚಿನ ಮೇಲೆ ನಿಂತು ಕಿರೀಟ ಇಟ್ಟು, ದೇಜಪ್ಪ ತೋರಿಸಿದ ಹಾಗೆ ದಾರ ಬಿಗಿದಳು. “ಫೋನ್ ನಿನ್ನ ಹತ್ತಿರವೇ ಇರಲಿ” ಎಂದಳು ರತ್ನಾವತಿ. “ಯಾರು ಮಾಡಿದರೂ ನೀನೇ ಮಾತಾಡು. ಕನ್ನಡದಲ್ಲಿ.”

ಚೆಂಡೆ ಬಿತ್ತು. ಸಭಾಂಗಣದ ಹಿಂಬಾಗಿಲಿನಿಂದ ಮಹಿಷಾಸುರ ಅಬ್ಬರಿಸುತ್ತ ನುಗ್ಗಿದ. ಮಕ್ಕಳು ಕುರ್ಚಿ ಹತ್ತಿದರು. ಒಂದು ಮಗು ಹೆದರಿ ಅತ್ತಿತು. ಕಾಮೋಠೆಯ ಗಿರಾಕಿಗಳು ಎದ್ದು ನಿಂತರು, ಅವರ ನಡುವೆ ಶಂಭು ಎಣ್ಣೆಯ ಕೈಯೆತ್ತಿ “ನನ್ನ ಹೆಂಡತಿ! ನನ್ನ ಹೆಂಡತಿ!” ಎಂದು ಕೂಗುತ್ತಿದ್ದ. ಮೊಣಕಾಲು ಲಟಕ್ಕೆಂದದ್ದು ಚೆಂಡೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಬಾಗಿಲ ಬಳಿ ನಿಂತಿದ್ದ ಮಾನಸಿಯ ಕೈಯಲ್ಲಿ ಹಳೇ ನೋಕಿಯಾ ನಡುಗಿತು. ಮುಲುಂಡಿನ ದೊಡ್ಡ ಮಾವ. ಅವಳು ಒಂದು ಕಿವಿ ಮುಚ್ಚಿಕೊಂಡು, ಇನ್ನೊಂದಕ್ಕೆ ಫೋನು ಒತ್ತಿ, ಒಂದೊಂದೇ ಪದ ಹುಡುಕಿ, ಗಟ್ಟಿಯಾಗಿ ಹೇಳಿದಳು.

“ಹಲೋ ಮಾವ! ಅತ್ತೆ ಈಗ ರಾಕ್ಷಸ ಆಗಿದ್ದಾರೆ. ಸತ್ತ ಮೇಲೆ ಫೋನ್ ಮಾಡ್ತಾರೆ!”